ಜರಡಿಯ ಕೆಳಗಿನ ಬಿಳಿ ಧೂಳು

ಜರಡಿಯ ಕೆಳಗೆ ಬಿದ್ದಿದ್ದ ಧೂಳು ಬೆಳ್ಳಗಿತ್ತು. ಅದು ತಿಳಿ ಗುಲಾಬಿ ಬಣ್ಣದ್ದಾಗಿರಬೇಕಿತ್ತು.

ಜರಡಿ ಹಿಡಿದಿದ್ದ ಹೆಂಗಸು ಸೆರಗನ್ನು ಮೂಗಿನ ಮೇಲೆ ಸುತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು. ನಾನು ಬಗ್ಗಿ ಒಂದು ಚಿಟಿಕೆ ಧೂಳನ್ನು ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದೆ. ಅವಳು ಕೈ ನಿಲ್ಲಿಸಿ, ಏನಾದರೂ ಕಳೆದುಕೊಂಡಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದಳು. ಇಲ್ಲ ಎಂದೆ.

ಆ ಜರಡಿ ಅವಳ ಕೈಗೆ ಬಂದದ್ದು ನನ್ನಿಂದ. ಅದನ್ನು ವಿವರಿಸಲು ಐದು ತಿಂಗಳ ಹಿಂದಿನಿಂದ ಆರಂಭಿಸಬೇಕು.

ಶಂಶಾಬಾದಿನ ಆಚೆ ಸೇತುವೆಗಳಿಗೆ ಉಕ್ಕಿನ ತೊಲೆಗಳನ್ನು ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ನಾನು ಬಣ್ಣದ ಗುಣಮಟ್ಟ ನೋಡುವ ಎಂಜಿನಿಯರ್ ಆಗಿದ್ದೆ. ತೊಲೆಗೆ ಬಣ್ಣ ಹಚ್ಚುವ ಮೊದಲು ಅದರ ತುಕ್ಕನ್ನೂ ಉಕ್ಕು ತಯಾರಾಗುವಾಗಲೇ ಕೂತ ಕಪ್ಪು ಪದರವನ್ನೂ ಪೂರ್ತಿ ಕೀಳಬೇಕು. ಇದಕ್ಕಾಗಿ ಒತ್ತಡದ ಗಾಳಿಯಲ್ಲಿ ಗಟ್ಟಿ ಕಣಗಳನ್ನು ಉಕ್ಕಿನ ಮೇಲೆ ಹೊಡೆಯುತ್ತಾರೆ. ಬ್ಲಾಸ್ಟಿಂಗ್ ಎಂದರೆ ಇದೇ. ನಮ್ಮ ಅಂಗಳದಲ್ಲಿ ಹೊಡೆಯುತ್ತಿದ್ದುದು ನದಿಯ ಮರಳು. ಉಕ್ಕಿಗೆ ತಾಗಿದ ಕ್ಷಣ ಮರಳು ಒಡೆದು ಪುಡಿಯಾಗುತ್ತದೆ. ಆಗ ಏಳುವ ಮೋಡದಲ್ಲಿ ಕಣ್ಣಿಗೆ ಕಾಣುವ ಭಾಗಕ್ಕಿಂತ ಕಾಣದ ಭಾಗ ಕೆಟ್ಟದ್ದು. ಹೊಸದಾಗಿ ಮುರಿದ ಸಿಲಿಕಾ ಶ್ವಾಸಕೋಶದ ಕೊನೆಯ ತುದಿಯವರೆಗೆ ಇಳಿದು ಅಲ್ಲೇ ಉಳಿಯುತ್ತದೆ, ಗಾಯ ಮಾಡುತ್ತದೆ. ಗಾಯ ಒಣಗಿ ಕಲೆಯಾದ ಜಾಗ ಮತ್ತೆ ಹಿಗ್ಗುವುದಿಲ್ಲ. ಅದನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ದೀಪಾವಳಿ ಮುಗಿದ ವಾರ ಹೊಸ ಗ್ರಾಹಕರ ಕರಾರು ಬಂತು. ಅದರಲ್ಲಿ ಮರಳು ಬಳಸಬಾರದು ಎಂದಿತ್ತು. ಬದಲಿ ಏನು ಎಂದು ಪರೀಕ್ಷಿಸಿ ವರದಿ ಕೊಡುವ ಕೆಲಸವನ್ನು ವ್ಯವಸ್ಥಾಪಕರು ನನಗೆ ಒಪ್ಪಿಸಿದರು. ನನಗೆ ಸಂತೋಷವಾಗಿತ್ತು. ಓದಿದ್ದು ಒಮ್ಮೆಯಾದರೂ ಒಬ್ಬರ ಮೈಗೆ ಉಪಯೋಗವಾಗುತ್ತದೆ ಅನಿಸಿತ್ತು.

ಪರೀಕ್ಷೆಗೆ ಒಂದೇ ತೊಲೆಯಿಂದ ಕತ್ತರಿಸಿದ ತುಕ್ಕು ಹಿಡಿದ ತುಂಡುಗಳನ್ನು ಆರಿಸಿಕೊಂಡೆ. ನಳಿಕೆ, ಒತ್ತಡ, ದೂರ ಎಲ್ಲವೂ ಒಂದೇ. ಹೊಡೆಯುವ ಕೈಯೂ ಒಂದೇ. ಆ ಕೈ ಅಂಗಳದ ಹಿರಿಯ ಬ್ಲಾಸ್ಟರನದು. ಯಾದಗಿರಿ ಕಡೆಯವನು, ನಲವತ್ತರ ಆಸುಪಾಸು, ಇದೇ ಕೆಲಸದಲ್ಲಿ ಹನ್ನೊಂದು ವರ್ಷ. ಅವನ ಹೆಂಡತಿ ಅದೇ ಅಂಗಳದಲ್ಲಿ ಗುಡಿಸುವ, ಹೊರುವ ಕೆಲಸ ಮಾಡುತ್ತಿದ್ದಳು. ಅವರ ಗುಂಪಿನಲ್ಲಿ ಎಲ್ಲರೂ ಆ ಕಡೆಯವರೇ.

ನನ್ನ ಮನೆಯಲ್ಲೂ ಆಡುವುದು ಆ ಕಡೆಯ ಕನ್ನಡವೇ. ತಂದೆ ಕಲಬುರಗಿಯವರು. ಆದರೆ ಹೊರಗೆ ತೆಲುಗು, ಹಿಂದಿ. ಮನೆಯ ಭಾಷೆ ಮನೆಯಲ್ಲಿ ಎಂಬ ರೂಢಿ ಚಿಕ್ಕಂದಿನಿಂದ ಬಂದಿತ್ತು. ಅಂಗಳದಲ್ಲಿ ನಾನು ಕನ್ನಡದವಳೆಂದು ಯಾರಿಗೂ ಹೇಳಲಿಲ್ಲ. ಅವರು ನನ್ನೆದುರೇ ನನ್ನ ಬಗ್ಗೆ ನಿಶ್ಚಿಂತೆಯಿಂದ ಮಾತಾಡಿಕೊಳ್ಳುತ್ತಿದ್ದರು. ಉಕ್ಕಿನ ಮೇಲೆ ಟೇಪು ಒತ್ತಿ ಒರಟುತನವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಿದ್ದುದರಿಂದ ನನಗೆ ಮೈಕ್ರಾನ್ ಬಾಯಿ ಎಂದು ಹೆಸರಿಟ್ಟಿದ್ದರು. ಒಮ್ಮೆ ಹಿರಿಯ ಬ್ಲಾಸ್ಟರ್ ಹೆಂಡತಿಗೆ ಹೇಳುತ್ತಿದ್ದ: “ಈ ಮೈಕ್ರಾನ್ ಬಾಯಿ ವರ ನೋಡಾಕ ಹೋದ್ರೂ ಹಣಿಗೆ ಟೇಪ್ ಹಚ್ಚೇ ನೋಡ್ತಾಳ.” ನಾನು ಮುಖ ಎತ್ತದೆ ಅಂಕಿ ಬರೆದುಕೊಂಡೆ. ಸಂಜೆ ಅಮೀರ್‌ಪೇಟ್‌ವರೆಗೆ ಬಸ್ಸಿನಲ್ಲಿ ಅದನ್ನು ನೆನೆದು ನಕ್ಕೆ.

ಮೊದಲು ಉಕ್ಕಿನ ಪುಡಿಹರಳು ನೋಡಿದೆವು. ಅದು ಎಷ್ಟು ಸಲ ಬೇಕಾದರೂ ಬರುತ್ತದೆ, ಧೂಳು ಕಡಿಮೆ. ಆದರೆ ಅದಕ್ಕೆ ಮುಚ್ಚಿದ ಕೋಣೆ ಬೇಕು. ನಮ್ಮ ಬಯಲಿನಲ್ಲಿ ಒಂದೇ ಮುಂಜಾವಿನ ಇಬ್ಬನಿಗೆ ಇಡೀ ಚೀಲ ತುಕ್ಕು ಹಿಡಿದು ಹೆಂಟೆಯಾಯಿತು. ಎರಡನೆಯದು ತಾಮ್ರ ಕರಗಿಸಿದ ಮೇಲೆ ಉಳಿಯುವ ಕಿಟ್ಟ. ಅದು ಚೆನ್ನಾಗಿ ಕೊರೆಯಿತು, ಆದರೆ ಉಕ್ಕಿನೊಳಗೆ ಕಪ್ಪು ಚುಕ್ಕೆಗಳು ಸಿಕ್ಕಿಕೊಂಡು ಉಳಿದವು. ಮಾರುವವರು ಕೊಟ್ಟ ಪರೀಕ್ಷಾ ಪತ್ರದಲ್ಲಿದ್ದ ಲೋಹಗಳ ಪಟ್ಟಿಯೂ ನನಗೆ ಹಿಡಿಸಲಿಲ್ಲ. ಮೂರನೆಯದು ಗಾರ್ನೆಟ್. ಕೆಂಪು ಕಲ್ಲಿನ ಭಾರವಾದ ಹರಳು, ಮುಕ್ತ ಸಿಲಿಕಾ ಇಲ್ಲವೆನ್ನುವಷ್ಟು ಕಡಿಮೆ. ಬೇಗ ಒಡೆಯುವುದಿಲ್ಲ, ಆದ್ದರಿಂದ ಬಳಸಿದ್ದನ್ನು ಜರಡಿ ಹಿಡಿದು ಮತ್ತೆ ಬಳಸಬಹುದು. ಅದರ ಧೂಳು ತಿಳಿ ಗುಲಾಬಿ.

ನಳಿಕೆ ಇಳಿಸಿದ ಬ್ಲಾಸ್ಟರ್ ತನ್ನವರಿಗೆ ಹೇಳಿದ್ದು ನನಗೆ ಕೇಳಿತು. ಇದೂ ಕಡಿಯುತ್ತದೆ, ಆದರೆ ಉಸುಕಿನ ಹಾಗೆ ಮುಖದ ಮೇಲೆ ಬರುವುದಿಲ್ಲ ಎಂದ. ಆಗ ಅವನ ತಲೆಯ ಮೇಲೆ ಟೋಪಿ ಇತ್ತು. ಭುಜದವರೆಗೆ ಮುಚ್ಚುವ, ಮುಂದೆ ಗಾಜಿರುವ, ಸೋಸಿದ ಗಾಳಿಯ ಕೊಳವೆ ಹಿಂದಿನಿಂದ ಬರುವ ಟೋಪಿ. ಹಿಂದಿನ ಯಾವುದೋ ಗ್ರಾಹಕರ ಒತ್ತಾಯಕ್ಕೆ ಮೂರು ವರ್ಷದ ಕೆಳಗೆ ಅಂಥ ಎರಡನ್ನು ತರಿಸಿದ್ದರು. ಅದಕ್ಕೂ ಮೊದಲು ಇವರೆಲ್ಲ ಒದ್ದೆ ಟವೆಲ್ ಕಟ್ಟಿಕೊಂಡು ಹೊಡೆದವರು.

ಮೂರು ದಿನ ಅವನ ಸೊಂಟಕ್ಕೆ ಸಣ್ಣ ಪಂಪು ಕಟ್ಟಿ, ಟೋಪಿಯ ಹೊರಗೆ ಕಾಲರಿನ ಹತ್ತಿರ ಸೋಸುಹಾಳೆ ಸಿಕ್ಕಿಸಿ, ಅವನ ಸುತ್ತಲಿನ ಗಾಳಿಯ ಮಾದರಿ ತೆಗೆದೆ. ಕೆಳಗೆ ಹೊಸ ತಾಡಪಾಲು, ನಳಿಕೆಗೆ ಹರಳು ಬಿಡುವ ಪಾತ್ರೆಯಲ್ಲಿ ಹೊಸ ಗಾರ್ನೆಟ್. ಪ್ರಯೋಗಾಲಯದಿಂದ ಬಂದ ಫಲಿತಾಂಶದಲ್ಲಿ ಸಿಲಿಕಾ ಮಿತಿಗಿಂತ ಬಹಳ ಕೆಳಗಿತ್ತು. ವರದಿಯ ಕೊನೆಗೆ ನಾನು ಬರೆದ ವಾಕ್ಯ ಇದು: ಗಾರ್ನೆಟ್ ಮರಳಿಗೆ ಸುರಕ್ಷಿತ ಪರ್ಯಾಯ. ಅದರ ಕೆಳಗೆ ಕಾರ್ಯವಿಧಾನ: ಬಳಸಿದ ಗಾರ್ನೆಟ್ಟನ್ನು ತಾಡಪಾಲಿನಿಂದ ಎತ್ತಿ, ಜರಡಿ ಹಿಡಿದು, ನಾಲ್ಕು ಸಲದವರೆಗೆ ಬಳಸಬಹುದು. ಸಹಿ, ದಿನಾಂಕ.

ಟೋಪಿ ಮುಂದುವರಿಯಬೇಕು ಎಂದು ಬರೆಯಲಿಲ್ಲ. ಹರಳು ಯಾವುದಾದರೂ ಉಕ್ಕಿನಿಂದ ಏಳುವ ತುಕ್ಕಿನ ಧೂಳು ಧೂಳೇ, ಅದಕ್ಕೆ ಟೋಪಿ ಬೇಕೇ ಬೇಕು. ಟೋಪಿ ತೆಗೆಯುವ ಯೋಚನೆ ಯಾರಿಗಾದರೂ ಬರಬಹುದೆಂದು ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ನಾನು ಅಂಗಳಕ್ಕೆ ಹೋಗುತ್ತಿದ್ದುದು ವಾರಕ್ಕೆ ಎರಡು ಸಲ, ಅದೂ ನಳಿಕೆ ನಿಂತ ಮೇಲೆ. ನನ್ನ ಕೆಲಸವೇ ಹಾಗೆ. ಹೊಡೆದು ಮುಗಿಸಿದ ಉಕ್ಕಿಗೆ ನಾಲ್ಕು ಗಂಟೆಯೊಳಗೆ ಮೊದಲ ಬಣ್ಣ ಬೀಳಬೇಕು. ಆ ನಡುವಿನಲ್ಲಿ ಹೋಗಿ ಮೇಲ್ಮೈ ಸ್ವಚ್ಛವಾಗಿದೆಯೇ, ಗಾಳಿಯ ತೇವಕ್ಕೆ ಉಕ್ಕು ಬೆವರುತ್ತದೆಯೇ ಎಂದು ನೋಡಿ, ಟೇಪು ಒತ್ತಿ ಒರಟುತನ ಅಳೆಯಬೇಕು. ಐವತ್ತರಿಂದ ಎಪ್ಪತ್ತೈದು ಮೈಕ್ರಾನ್ ಒಳಗಿರಬೇಕು. ನಾನು ತಲುಪುವ ಹೊತ್ತಿಗೆ ಧೂಳು ಕೂತಿರುತ್ತಿತ್ತು, ಗಂಡಸರು ಕೈಕಾಲು ತೊಳೆದು ನೆರಳಿಗೆ ಹೋಗಿರುತ್ತಿದ್ದರು. ನಾನು ಉಕ್ಕನ್ನು ನೋಡಿ ಬರುತ್ತಿದ್ದೆ.

ಅಂಕಿಗಳು ಆಗಲೇ ಮಾತಾಡಿದ್ದವು. ಗಾರ್ನೆಟ್ ಪ್ರತಿ ಸಲವೂ ಸ್ವಲ್ಪ ಸವೆದು ಸಣ್ಣದಾಗುತ್ತದೆ. ಹಾಗಾಗಿ ಒರಟುತನ ವಾರದಿಂದ ವಾರಕ್ಕೆ ಇಳಿಯಬೇಕು, ಹೊಸ ಚೀಲ ಬಿಚ್ಚಿದಾಗ ಏರಬೇಕು. ನನ್ನ ಅಂಕಿ ಇಳಿಯಲಿಲ್ಲ. ಅರವತ್ತೆಂಟು, ಎಪ್ಪತ್ತು, ಎಪ್ಪತ್ತೆರಡು. ಉಗ್ರಾಣದಲ್ಲೂ ಚೀಲಗಳು ಅಂದಾಜಿಗಿಂತ ಹೆಚ್ಚು ದಿನ ಬಾಳುತ್ತಿದ್ದವು, ವ್ಯವಸ್ಥಾಪಕರು ಸಭೆಯಲ್ಲಿ ಅದಕ್ಕಾಗಿ ನನ್ನನ್ನು ಹೊಗಳಿದರು. ಮಿತಿಯೊಳಗಿದ್ದ ಅಂಕಿಯ ಎದುರು ತೃಪ್ತಿಕರ ಎಂದು ಬರೆದು ಮುಂದೆ ಹೋದೆ. ಒಳ್ಳೆಯ ಅಂಕಿಯನ್ನು ಪ್ರಶ್ನಿಸುವ ಅಭ್ಯಾಸ ನನಗಿರಲಿಲ್ಲ.

ಮಾರ್ಚ್‌ನಲ್ಲಿ ಒಂದು ದಿನ ಗ್ರಾಹಕರ ಪರೀಕ್ಷಕರು ಮಧ್ಯಾಹ್ನವೇ ಬರುತ್ತಾರೆಂದು ನಾನು ಎರಡು ಗಂಟೆ ಮೊದಲು ಅಂಗಳಕ್ಕೆ ಹೋದೆ. ನಳಿಕೆ ಇನ್ನೂ ಓಡುತ್ತಿತ್ತು. ತೊಲೆಗಳ ಸಾಲಿನ ಹಿಂದೆ ಬ್ಲಾಸ್ಟರನ ಹೆಂಡತಿಯ ಕೈಯಲ್ಲಿ ಜರಡಿ ಆಡುತ್ತಿತ್ತು. ಅದರ ಕೆಳಗೆ ಬಿಳಿ ಧೂಳು.

ಅಂಗೈಯ ಧೂಳನ್ನು ನೋಡುತ್ತ, ಇದನ್ನು ಎಲ್ಲಿಂದ ತುಂಬಿದಿರಿ ಎಂದು ಕೇಳಿದೆ. ಕೇಳಿದ ಮೇಲೆ ಗೊತ್ತಾಯಿತು, ಕನ್ನಡದಲ್ಲಿ ಕೇಳಿದ್ದೆ.

ಅವಳು ಸೆರಗು ಕೆಳಗೆ ಎಳೆದಳು. “ಅಯ್ಯ, ನೀವು ನಮ್ಮವರ ಏನ್ರಿ? ಇಷ್ಟ ದಿನ ಬಾಯಾಗ ಏನ್ ಇಟ್ಕೊಂಡಿದ್ರಿ?”

ಉತ್ತರಕ್ಕೆ ಅವಳು ಕಾಯಲಿಲ್ಲ. ಮೂಲೆಯಲ್ಲಿದ್ದ ಮೊರ ತಂದು, ಜರಡಿಯ ಮೇಲೆ ಉಳಿದದ್ದನ್ನು ಎರಡು ಬೊಗಸೆ ಹಾಕಿ, ಅಕ್ಕಿ ಕೇರುವ ಹಾಗೆ ನಾಲ್ಕು ಸಲ ಕೇರಿ, ಓರೆ ಮಾಡಿ ನನ್ನ ಮುಂದೆ ಹಿಡಿದಳು. ಕೆಂಪು ಹರಳು ಹಿಂದೆ ಉಳಿದಿತ್ತು. ಮುಂದಿನ ಅಂಚಿಗೆ ಬಂದದ್ದೆಲ್ಲ ಬೂದು, ಬಿಳಿ. ಕೆಂಪಿಗಿಂತ ಅದೇ ಹೆಚ್ಚಿತ್ತು.

“ಇದು ಹಗುರ ಐತ್ರಿ, ಉಸುಕು. ಕೆಂಪಂದು ಭಾರ,” ಎಂದಳು. “ನಾ ಸಂಕ್ರಾಂತಿಗೇ ಹೇಳೀನಿ ಇದರಾಗ ಉಸುಕ ಕೂಡಾಕತ್ತೈತಿ ಅಂತ. ಸೂಪರ್‌ವೈಜರ್ ಅಂದ, ಕೂಡಿದ್ರ ಕೂಡ್ಲಿ, ಕಡಿತೈತಿಲ್ಲ.”

ತಾಡಪಾಲು ಎರಡನೆಯ ವಾರಕ್ಕೇ ತೊಲೆಯ ಕಾಲುಗಳ ಕೆಳಗೆ ಹರಿದಿತ್ತು. ಬೇರೆಯದು ಬಂದಿರಲಿಲ್ಲ. ಇವರು ನೆಲದಿಂದಲೇ ಗುಡಿಸಿ ತುಂಬುತ್ತಿದ್ದರು. ಆ ನೆಲ ನೆಲವಾಗಿರಲಿಲ್ಲ. ವರ್ಷಗಟ್ಟಲೆ ಹೊಡೆದು ಚೆಲ್ಲಿದ ಮರಳು ಮೊಣಕಾಲುದ್ದ ಕೂತು, ಲಾರಿಗಳ ಚಕ್ರಕ್ಕೆ ಗಟ್ಟಿಯಾಗಿತ್ತು. ನಾನು ಅದರ ಮೇಲೆ ನಿಂತೇ ಐದು ತಿಂಗಳು ಅಳತೆ ಮಾಡಿದ್ದೆ. ಪರೀಕ್ಷೆಗೆ ತೊಲೆ, ನಳಿಕೆ, ಹರಳು, ಗಾಳಿ ಎಲ್ಲವನ್ನೂ ಬರೆದುಕೊಂಡವಳು ಕಾಲ ಕೆಳಗಿನದನ್ನು ಬರೆದುಕೊಂಡಿರಲಿಲ್ಲ. ಮರಳಿನ ಕಾಲದಲ್ಲಿ ಒಮ್ಮೆ ಹೊಡೆದದ್ದನ್ನು ಯಾರೂ ಮತ್ತೆ ಎತ್ತುತ್ತಿರಲಿಲ್ಲ. ಜರಡಿ ಎಂಬ ಕೆಲಸವೇ ಅಂಗಳದಲ್ಲಿ ಇರಲಿಲ್ಲ. ಅದು ನನ್ನ ಕಾರ್ಯವಿಧಾನದಿಂದ ಹುಟ್ಟಿದ ಕೆಲಸ.

ನಳಿಕೆ ನಿಂತಿತು. ಬ್ಲಾಸ್ಟರ್ ತೊಲೆಯನ್ನು ಬಳಸಿಕೊಂಡು ಬಂದ. ಮುಖಕ್ಕೆ ಟವೆಲ್, ಅದರ ಮೇಲೆ ಸಾದಾ ಕನ್ನಡಕ. ಟವೆಲ್ ಬಿಚ್ಚಿ ಒಂದು ತೊಲೆಗೆ ಒರಗಿ ಕೂತು ಕೆಮ್ಮಿದ. ಕೆಮ್ಮು ಮುಗಿಯುವವರೆಗೆ ಹೆಂಡತಿ ಅವನ ಕಡೆ ನೋಡಲಿಲ್ಲ, ಮೊರದ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದಳು. ಆಮೇಲೆ, ಮೈಕ್ರಾನ್ ಬಾಯಿಗೆ ನಮ್ಮ ಮಾತು ಬರುತ್ತದೆ ಎಂದು ಹೇಳಿದಳು. ಅವನು ನನ್ನನ್ನು ನೋಡಿ ಸ್ವಲ್ಪ ನಕ್ಕ. ಟೋಪಿ ಎಲ್ಲಿ ಎಂದು ಕೇಳಿದೆ.

“ಒಯ್ದ್ರಲ್ರೀ. ನಿಮ್ಮ ಕಾಗದ ಬಂದು ಎಂಟ ದಿನಕ್ಕ ಒಯ್ದ್ರು. ಹೊಸಾ ಮಾಲು ಸೇಫ್ ಐತಿ, ಮೇಡಮ್ಮಾರ ಬರದಾರ, ಇನ್ನ ಟೋಪಿ ಬ್ಯಾಡ ಅಂದ್ರು. ಟೋಪಿ ಗಾಳಿ ಎರಡನೇ ನಳಿಕಿಗೆ ಹಚ್ಚ್ಯಾರ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. “ನೀವು ಅದನ್ನ ಬರೀದಿದ್ರ ಟೋಪಿ ಇರ್ತಿತ್ರಿ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡು ವರ್ಷದ ಹಿಂದೆಯೇ ಊರಿನ ಕಡೆ ಅವನಿಗೆ ಟಿ.ಬಿ. ಎಂದು ಆರು ತಿಂಗಳ ಗುಳಿಗೆ ಕೊಟ್ಟಿದ್ದರಂತೆ. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಗುಳಿಗೆ ಮುಗಿದರೂ ಕೆಮ್ಮು ಹೋಗಲಿಲ್ಲ, ಈ ಚಳಿಗಾಲದಿಂದ ಮೆಟ್ಟಿಲು ಹತ್ತುವುದು ಕಷ್ಟವಾಗಿತ್ತು. ಏನು ಕೆಲಸ ಮಾಡುತ್ತೀಯ ಎಂದು ವೈದ್ಯರು ಕೇಳಿದ್ದರೇ ಎಂದು ವಿಚಾರಿಸಿದೆ. ಕೂಲಿ ಎಂದು ಹೇಳಿದ್ದೆ ಎಂದ. ಮರಳಿನ ಕಲೆ ಎಕ್ಸ್‌ರೇಯಲ್ಲಿ ಟಿ.ಬಿ.ಯಂತೆಯೇ ಕಾಣುತ್ತದೆ, ಕೆಲಸ ಏನೆಂದು ತಿಳಿಯದೆ ಗುರುತಿಸುವುದು ಕಷ್ಟ.

ಆ ಮಧ್ಯಾಹ್ನ ಪರೀಕ್ಷಕರು ಉಕ್ಕನ್ನಷ್ಟೇ ನೋಡಿ ಹೋದರು; ಅಂಕಿ ಕೈಗೆ ಬರದೆ ನಾನು ಅವರಿಗೆ ಏನೂ ಹೇಳಲಿಲ್ಲ. ಮರುದಿನ ಪಂಪುಗಳನ್ನು ತಂದು ಎರಡು ಮಾದರಿ ತೆಗೆದೆ. ಒಂದು ಅವನ ಕಾಲರಿನಲ್ಲಿ, ಇನ್ನೊಂದು ಜರಡಿ ಹಿಡಿದವಳ ಸೆರಗಿನ ಹತ್ತಿರ. ಹತ್ತು ದಿನ ಬಿಟ್ಟು ಬಂದ ಫಲಿತಾಂಶದಲ್ಲಿ ಎರಡೂ ಮಿತಿಯನ್ನು ಹಲವು ಪಟ್ಟು ಮೀರಿದ್ದವು. ಅವಳದು ಅವನದಕ್ಕಿಂತ ಬಹಳ ಕಡಿಮೆಯಿರಲಿಲ್ಲ. ಟೋಪಿ ಹಾಕಿಕೊಂಡು ಮರಳು ಹೊಡೆಯುತ್ತಿದ್ದ ಕಾಲದಲ್ಲಿ ಅವನ ಎದೆಗೆ ಇಳಿಯುತ್ತಿದ್ದುದಕ್ಕಿಂತ ನನ್ನ ಸುರಕ್ಷಿತ ಪರ್ಯಾಯದಲ್ಲಿ ಇಳಿದದ್ದೇ ಹೆಚ್ಚು.

ಹಾಳೆಯನ್ನು ವ್ಯವಸ್ಥಾಪಕರ ಮುಂದಿಟ್ಟೆ. ಅವರು ಕೂಗಾಡುವವರಲ್ಲ. ಎರಡು ಸಲ ಓದಿ, ಕನ್ನಡಕ ತೆಗೆದು, ಬೇಸರದಿಂದ ಹೇಳಿದರು: “ಮಾಲ್ ಸೇಫ್ ಹೈ ಬೋಲ್ಕೆ ಆಪೀಚ್ ಲಿಖೇ ನಾ ಮೇಡಂ. ಫಿರ್ ಟೋಪಾ ಕಾಯ್ಕು?” ನೀವೇ ಬರೆದಿರಿ, ಆಮೇಲೆ ಟೋಪಿ ಯಾಕೆ ಬೇಕಿತ್ತು ಎಂದು.

ನಂತರ ಅವರು ಮುಂದಿಟ್ಟದ್ದು ಮೇಲ್ನೋಟಕ್ಕೆ ಒಳ್ಳೆಯ ಮಾತೇ. ಸೋಮವಾರ ಟೋಪಿಗಳು ವಾಪಸ್ಸು ಬರುತ್ತವೆ, ಹೊಸ ತಾಡಪಾಲು ಬರುತ್ತದೆ, ನೆಲದ ಮರಳನ್ನು ಎತ್ತಿಸುತ್ತೇವೆ. ಗ್ರಾಹಕರಿಗೆ ಈ ಹಾಳೆ ಹೋಗುವುದು ಬೇಡ. ನನಗೆ ಒಪ್ಪಿಗೆಯಾಗುವುದರಲ್ಲಿತ್ತು. ಟೋಪಿ ಮತ್ತೆ ತಲೆಯ ಮೇಲೆ ಬರುವುದೇ ಮುಖ್ಯವಲ್ಲವೇ ಎಂದುಕೊಂಡೆ. ಅಷ್ಟರಲ್ಲಿ ಅವರು ಇನ್ನೊಂದನ್ನು ಸೇರಿಸಿದರು. ನವೆಂಬರಿನ ವರದಿಗೆ ಒಂದು ಅನುಬಂಧ ಬರೆದುಕೊಡಿ: ಟೋಪಿ ಕಡ್ಡಾಯ, ತಾಡಪಾಲು ಕಡ್ಡಾಯ. ದಿನಾಂಕ ನವೆಂಬರಿನದೇ ಇರಲಿ.

ಅದರ ಅರ್ಥ ತಿಳಿಯಲು ಒಂದು ನಿಮಿಷ ಬೇಕಾಯಿತು. ನವೆಂಬರಿನಲ್ಲೇ ಟೋಪಿ ಕಡ್ಡಾಯವಾಗಿದ್ದರೆ, ಐದು ತಿಂಗಳು ಅದನ್ನು ಹಾಕದೆ ನಿಂತವನು ನಿಯಮ ಮುರಿದವನು. ಅವನ ಎದೆಯಲ್ಲಿ ಏನು ಕಂಡುಬಂದರೂ ಅದು ಅವನ ತಪ್ಪು.

ಮೇಜಿಗೆ ಬಂದು ಪತ್ರ ಬರೆದೆ. ನನ್ನ ವರದಿ ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ; ಟೋಪಿಯ ಬಗ್ಗೆ ಅದರಲ್ಲಿ ಏನೂ ಹೇಳಿರಲಿಲ್ಲ; ನೆಲದ ಮರಳು ಸೇರುವುದನ್ನು ನಾನು ಗಮನಿಸಲಿಲ್ಲ. ಫಲಿತಾಂಶದ ಹಾಳೆ ಲಗತ್ತಿಸಿ ಗ್ರಾಹಕರ ಪರೀಕ್ಷಕರಿಗೆ ಕಳಿಸಿ, ಪ್ರತಿಯನ್ನು ವ್ಯವಸ್ಥಾಪಕರಿಗೆ ಹಾಕಿದೆ. ಒಂಬತ್ತು ಸಾಲಿನ ಪತ್ರ.

ಇದರಿಂದ ಒಳ್ಳೆಯದಾಯಿತು ಎಂದು ಬರೆಯಲಾರೆ. ಗ್ರಾಹಕರು ಎರಡೇ ದಿನದಲ್ಲಿ ಅಂಗಳದ ಬ್ಲಾಸ್ಟಿಂಗ್ ನಿಲ್ಲಿಸಿದರು. ಉಳಿದ ತೊಲೆಗಳು ಮುಚ್ಚಿದ ಕೋಣೆಯಿರುವ ಬೇರೆ ಕಾರ್ಖಾನೆಗೆ ಹೋದವು. ಅಲ್ಲಿ ಯಂತ್ರವೇ ಉಕ್ಕಿನ ಹರಳು ಹೊಡೆಯುತ್ತದೆ, ಮನುಷ್ಯರು ಬೇಡ. ಉಕ್ಕಿಗೆ ಸುರಕ್ಷಿತ ಪರ್ಯಾಯ ಸಿಕ್ಕಿತು. ಗುಂಪಿಗೆ ವಾರದ ಕೊನೆಗೆ ಜಾಗ ಖಾಲಿ ಮಾಡಲು ಹೇಳಿದರು. ನನ್ನನ್ನು ಶಹರದೊಳಗಿನ ಮಾದಾಪುರದ ಕಚೇರಿಗೆ, ಕಡತ ನೋಡುವ ಮೇಜಿಗೆ ಹಾಕಿದರು.

ಅವರು ಹೊರಡುವ ಹಿಂದಿನ ಸಂಜೆ ಅಂಗಳಕ್ಕೆ ಹೋದೆ. ತಗಡಿನ ಶೆಡ್ಡಿನ ಮುಂದೆ ಗಂಟುಗಳು ತಯಾರಾಗಿದ್ದವು. ಗುಂಪಿನಲ್ಲಿ ಯಾರೂ ನನ್ನನ್ನು ಮೈಕ್ರಾನ್ ಬಾಯಿ ಎನ್ನಲಿಲ್ಲ. ನನಗೆ ಅರ್ಥವಾಗುತ್ತದೆಂದು ಗೊತ್ತಾದ ಮೇಲೆ ಅವರು ನನ್ನೆದುರು ಮಾತನ್ನೇ ಕಡಿಮೆ ಮಾಡಿದ್ದರು. ಮುಂದೆ ಏನು ಮಾಡುತ್ತೀರಿ ಎಂದು ಬ್ಲಾಸ್ಟರನನ್ನು ಕೇಳಿದೆ.

“ಶಹರದ ಆಕಡಿ ತುದಿಗೆ ಕಬ್ಬಿಣದ ನೀರಿನ ಟಾಕಿ ಮಾಡೋರು ಅದಾರ್ರಿ. ಅಲ್ಲಿ ಇನ್ನ ಉಸುಕಿನ ಕೆಲಸ ಐತಿ.”

ಟೋಪಿ ಇದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊಸ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ ಎದೆಯ ಎಕ್ಸ್‌ರೇ ತೆಗೆಸೋಣ, ನಾನು ಜೊತೆಗೆ ಬರುತ್ತೇನೆ ಎಂದೆ. ಅವನು ತಲೆಯಾಡಿಸಿ ಬೇಡವೆಂದ. ಮತ್ತೆ ಟಿ.ಬಿ. ಎನ್ನುತ್ತಾರೆ, ಮತ್ತೆ ಆರು ತಿಂಗಳ ಗುಳಿಗೆ. ಕೆಲಸ ಏನೆಂದು ಈ ಸಲ ಸರಿಯಾಗಿ ಬರೆಸೋಣ ಎಂದೆ. ಗಂಟು ಕಟ್ಟುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು:

“ನಾ ಕರ್ಕೊಂಡ ಬರ್ತೀನ್ರಿ. ಎಷ್ಟಕ್ಕ ಬರಬೇಕು ಹೇಳ್ರಿ.”

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಿಂತಿದ್ದೆ. ಅವರಿಬ್ಬರೂ ಬಂದು ಹಿಂದೆ ಸೇರಿಕೊಂಡರು. ಕಿಟಕಿಯ ಒಳಗಿದ್ದವರು ತೆಲುಗಿನಲ್ಲಿ ಹೆಸರು, ವಯಸ್ಸು, ಕೆಲಸ ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳತೊಡಗಿದೆ. ಅಷ್ಟೆಲ್ಲ ಬರೆಯಲು ಜಾಗವಿಲ್ಲ ಎಂದು ಅವರು ಕೂಲಿ ಎಂದೇ ಬರೆದು ಚೀಟಿ ಕೊಟ್ಟರು. ನಾನು ಇನ್ನೊಂದು ಚೀಟಿ ಕೇಳಿದೆ. ಯಾರಿಗೆ ಎಂದರು. ಹಿಂದೆ ನಿಂತಿದ್ದವಳನ್ನು ತೋರಿಸಿದೆ. ಅದರ ಮೇಲೆ ಗೃಹಿಣಿ ಎಂದು ಬರೆದರು.

ಬೆಂಚಿನ ಮೇಲೆ ಕೂತು ಎರಡೂ ಚೀಟಿ ತಿರುಗಿಸಿ ವೈದ್ಯರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲಿ ಬರೆದೆ. ಅವನದರ ಹಿಂದೆ: ಬ್ಲಾಸ್ಟಿಂಗ್. ಎಂಟು ವರ್ಷ ಮರಳು, ಮುಖಕ್ಕೆ ಟವೆಲ್. ಮೂರು ವರ್ಷ ಮರಳು, ಗಾಳಿಯ ಟೋಪಿ. ಕೊನೆಯ ಐದು ತಿಂಗಳು ಮರಳು ಬೆರೆತ ಗಾರ್ನೆಟ್, ಟೋಪಿ ಇಲ್ಲ. ಅವಳದರ ಹಿಂದೆ: ಐದು ತಿಂಗಳು ಅದೇ ಪುಡಿಯನ್ನು ಜರಡಿ ಹಿಡಿಯುವ ಕೆಲಸ, ಮುಖಕ್ಕೆ ಸೆರಗು. ಏನು ಬರೆದಿರಿ ಎಂದು ಅವಳು ಕೇಳಿದಳು. ಕನ್ನಡದಲ್ಲಿ ಓದಿ ಹೇಳಿದೆ. ಅವನದು ಸರಿಯಾಗಿದೆ ಎಂದಳು. ತನ್ನದಕ್ಕೆ, ಅದನ್ನೂ ಕೆಲಸ ಅಂತ ಬರೆಯುತ್ತಾರೇನು ಎಂದಳು.

ಎರಡರ ಕೆಳಗೂ, ಯಾರೂ ಕೇಳದಿದ್ದರೂ, ನನ್ನ ಸಹಿ ಹಾಕಿ ಆ ದಿನದ ದಿನಾಂಕ ಬರೆದೆ.